ಕಾಳಕ್ಕನ ಪಾಲಿನ ಅಳು

ನನಗೆ ಅಳು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕತೆಯಲ್ಲಿ ಬಾಯಿ ಬಡಿದುಕೊಂಡು ಅತ್ತವಳು ನಾನೇ. ಮದುವೆಯಾಗಿ ತವರು ಬಿಟ್ಟು ಹೊರಡುವಾಗಲೂ ನನ್ನ ಕಣ್ಣಲ್ಲಿ ಹನಿ ನೀರು ಬರಲಿಲ್ಲ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಕಡೆಯ ಹೆಂಗಸರೆಲ್ಲ ಸುತ್ತ ನಿಂತು, ಈಗ ಅಳುತ್ತಾಳೆ, ಇನ್ನೇನು ಅತ್ತಳು ಎಂದು ಕಾದದ್ದೇ ಬಂತು. ನಾನು ಕಿಟಕಿ ಪಕ್ಕದ ಸೀಟು ನನಗೇ ಬೇಕು ಎಂದೆ. ನಮ್ಮವ್ವ ಬರಗೇರಮ್ಮ ಆ ಮಾತನ್ನು ಕಂಡಕಂಡವರ ಮುಂದೆಲ್ಲ ಆಡಿಕೊಂಡು ನಗುತ್ತಿದ್ದಳು. ನಗುತ್ತಿದ್ದಳೇ ಹೊರತು ಅವಳಿಗೆ ಒಳಗೊಳಗೆ ಬೇಜಾರಿತ್ತು, ನನಗೆ ಗೊತ್ತು.

ಎಮರ್ಜೆನ್ಸಿ ಮುಗಿದ ಮಾರನೇ ವರ್ಷದ ಬೇಸಿಗೆ ಅದು. ಮದಕರಿಪುರದಲ್ಲಿ ನಮ್ಮ ಮನೆಗೂ ಕಾಳಕ್ಕನ ಮನೆಗೂ ನಡುವೆ ಹಿತ್ತಿಲಲ್ಲಿ ಎದೆಮಟ್ಟದ ಒಂದು ಮಣ್ಣಿನ ಗೋಡೆ. ಆ ಕಡೆ ಕಾಳಕ್ಕ, ಅವಳ ಅತ್ತೆ ಹುಲಿಗೆಮ್ಮ, ಕಾಳಕ್ಕನ ಪುಟ್ಟ ಮಗಳು ನಿಂಗಿ. ಕಾಳಕ್ಕನ ಗಂಡ ಕರಿಸಿದ್ದಪ್ಪ ಬೇಸಿಗೆ ಬಂತೆಂದರೆ ಕುರಿ ಹೊಡೆದುಕೊಂಡು ಭದ್ರಾ ಚಾನಲ್ ಕಡೆ ಹೋದವನು ಮಳೆ ಬಿದ್ದ ಮೇಲೇ ಬರುವುದು. ಈ ಕಡೆ ನಾನು, ಮತ್ತು ದುರ್ಗದ ಒಂದು ಆಫೀಸಿನಲ್ಲಿ ಜವಾನನಾಗಿದ್ದ ನನ್ನ ಗಂಡ ಮೂರ್ತಪ್ಪ. ಆ ಗೋಡೆಯ ಮೇಲೆ ಮಜ್ಜಿಗೆ, ಕೆಂಡ, ಕರಿಬೇವು, ಊರವರ ಮೇಲಿನ ಚಾಡಿ ಎಲ್ಲವೂ ಹೊತ್ತಿಲ್ಲ ಗೊತ್ತಿಲ್ಲ ಎನ್ನದೆ ಅತ್ತಿಂದಿತ್ತ ದಾಟುತ್ತಿದ್ದವು.

ಆ ವರ್ಷ ನಿಂಗಿಗೆ ಅಮ್ಮ ಬಂದಳು. ಡಾಕ್ಟರು ಅದಕ್ಕೆ ಸೀತಾಳೆ ಸಿಡುಬು ಎನ್ನುತ್ತಾರೆ. ನಾವು ರೋಗ ಅನ್ನುವುದಿಲ್ಲ, ಅಮ್ಮ ಬಂದಿದ್ದಾಳೆ ಅನ್ನುತ್ತೇವೆ. ದೇವಿ ನೆಂಟರ ಹಾಗೆ ಬಂದು ಮಗುವಿನ ಮೈಮೇಲೆ ಕೂತಿರುತ್ತಾಳೆ. ತಾನಾಗಿ ಎದ್ದು ಹೋಗುವವರೆಗೆ ಅವಳ ಮನಸ್ಸು ನೋಯಬಾರದು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರೆಂದರೆ ಆ ಮನೆಯವರು ಹೊರಗೆ ಹೋಗುವಂತಿಲ್ಲ, ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಒಗ್ಗರಣೆ ಹಾಕುವಂತಿಲ್ಲ, ತಲೆ ಬಾಚುವಂತಿಲ್ಲ, ಜಗಳ ಆಡುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು, ಅಳುವಂತಿಲ್ಲ. ಅಮ್ಮ ಕೂತ ಮನೆಯಲ್ಲಿ ಕಣ್ಣೀರು ಹಾಕಿದರೆ ಅವಳು ಸಿಟ್ಟಾಗಿ, ಹೋಗುವಾಗ ಮಗುವಿನ ಕಣ್ಣು ತೆಗೆದುಕೊಂಡು ಹೋಗುತ್ತಾಳೆ. ಹುಲಿಗೆಮ್ಮನ ತಂಗಿಗೆ ಹಾಗೇ ಒಂದು ಕಣ್ಣು ಹೋಗಿತ್ತು. ಅದು ಹಿಂದಿನ ಕಾಲದ ದೊಡ್ಡ ಸಿಡುಬು, ಇದು ಬೇರೆ ಎಂದು ನನ್ನ ಗಂಡ ಆಫೀಸಿನಲ್ಲಿ ಯಾರನ್ನೋ ಕೇಳಿಕೊಂಡು ಬಂದು ಗೋಡೆಯ ಮೇಲಿಂದ ಹೇಳಿದ. "ಕಣ್ಣು ಹೋದ್ರೆ ನಿಮ್ಮ ಸಾಹೇಬ್ರು ಬಂದು ಕೊಡ್ತಾರೇನಪ್ಪ?" ಎಂದಳು ಹುಲಿಗೆಮ್ಮ. ಅವನು ನೆಟ್ಟಗೆ ಒಳಗೆ ಬಂದ.

ನಿಂಗಿಯ ಮೈತುಂಬ ಅಮ್ಮ ಎದ್ದು, ರೆಪ್ಪೆಯ ಮೇಲೂ ಕೂತು, ಮಗು ಕಣ್ಣು ತೆರೆಯಲಾರದೆ ಮಲಗಿದ್ದ ದಿನವೇ ಹಿರಿಯೂರಿನಿಂದ ದಾಸಣ್ಣ ಬಂದ. ಇವನು ಕಾಳಕ್ಕನ ಅತ್ತಿಗೆಯ ತಮ್ಮ. ಬಾಗಿಲಲ್ಲಿ ಬೇವಿನ ಸೊಪ್ಪು ನೋಡಿದವನೇ ಕಾಲು ಹಿಂದಕ್ಕೆ ತೆಗೆದ. ನೆಟ್ಟಗೆ ನಮ್ಮ ಜಗಲಿಗೆ ಬಂದು ಕೂತು, ಟವೆಲಿನಿಂದ ಮುಖ ಒರೆಸಿಕೊಂಡ.

"ಅಕ್ಕಾರೆ, ಕಾಳಕ್ಕನ ಅವ್ವ ಹೋಗ್ಬಿಟ್ರು. ನಿನ್ನೆ ಮಣ್ಣು ಮಾಡಿದ್ವಿ. ಅಮ್ಮ ಕೂತ ಮನೆಗೆ ಈ ಸುದ್ದಿ ತಗಂಡು ನಾನು ಹೋಗಂಗಿಲ್ಲ. ನೀವೇ ಹೇಳ್ರಿ. ಆದ್ರೆ ಆಯಮ್ಮ ಅಳಬಾರ್ದು ನೋಡ್ರಿ."

"ಹೇಳಾದು ನಾನು, ಅಳದಂಗೆ ಕೇಳಾದು ಅವಳು. ನೀನು ಮಾಡಾದೇನಪ್ಪ?"

"ನಾನು ನಾಕು ಗಂಟೆ ಬಸ್ಸಿಗೆ ಹೋಗ್ಬೇಕಕ್ಕ."

ಕಾಫಿ ಕುಡಿದು ಹೋದ. ಇಂಥ ಹೊತ್ತಿನಲ್ಲಿ ಈ ಗಂಡಸರಿಗೆ ಬಸ್ಸು ಎಲ್ಲಿಂದ ಸಿಗುತ್ತದೋ ನಾನು ಕಾಣೆ.

ನಾನು ಹಿತ್ತಿಲಿಗೆ ಹೋದೆ. ಕಾಳಕ್ಕ ಗೋಡೆಯ ಆ ಕಡೆ ಅಂಬಲಿ ಪಾತ್ರೆ ತೊಳೆಯುತ್ತಿದ್ದಳು.

"ಕಾಳಿ, ಒಂದು ಮಾತು ಹೇಳ್ತೀನಿ. ನಗ್ತಾ ಕೇಳ್ಬೇಕು."

"ಏನೇ ಅದು?"

"ಮೊದ್ಲು ನಗು."

ಯಾರದೋ ಮನೆಯ ಚಾಡಿ ಇರಬೇಕೆಂದು ಅವಳು ಬಾಯಿ ತುಂಬ ನಕ್ಕಳು. ಆಗ ಹೇಳಿದೆ. ನಗು ಅವಳ ಮುಖದ ಮೇಲೆ ಹಾಗೇ ಉಳಿಯಿತು. ಅದನ್ನು ಇಳಿಸುವುದು ಹೇಗೆಂದು ಅವಳಿಗೆ ಗೊತ್ತಾಗಲಿಲ್ಲ. ಎರಡೂ ಕೈಯಿಂದ ಗೋಡೆಯ ಅಂಚು ಹಿಡಿದುಕೊಂಡಳು, ಮಣ್ಣು ಪುಡಿಯಾಗಿ ನನ್ನ ಕಾಲ ಮೇಲೆ ಉದುರಿತು.

"ಬಾಯಿಗೆ ನೀರು ಯಾರು ಬಿಟ್ರಂತೆ?" ಎಂದಳು.

ಹೋಗುವ ಜೀವಕ್ಕೆ ಕೊನೆಯ ನೀರು ಮಕ್ಕಳ ಕೈಯಿಂದ ಬೀಳಬೇಕು. ಅದರಲ್ಲೂ ಹೆಣ್ಣುಮಗಳಿದ್ದರೆ ಅವಳ ಕೈಯಿಂದಲೇ ಬೀಳಬೇಕು. ನಾನು ದಾಸಣ್ಣನನ್ನು ಅದನ್ನು ಕೇಳಿರಲಿಲ್ಲ.

"ನಿಮ್ಮಣ್ಣ ಬಿಟ್ಟಿರ್ತಾನೆ ಬಿಡು."

"ಅಣ್ಣ ಕುರಿ ಹಿಂದೆ ಇರ್ತಾನೆ. ಅವನ ಹೆಂಡ್ತಿ ಕೈ ನೀರ ನಮ್ಮವ್ವ ಗಟ್ಟಿಮುಟ್ಟಾಗಿದ್ದಾಗ್ಲೇ ಕುಡೀತಿರ್ಲಿಲ್ಲ."

ಒಳಗಿನಿಂದ ನಿಂಗಿ ನರಳಿದಳು. ಕಾಳಕ್ಕ ಒಮ್ಮೆ ಉಸಿರು ಎಳೆದುಕೊಂಡು, "ಬಂದೆ ಕಣವ್ವಾ" ಎಂದು ಹಬ್ಬದ ಮನೆಯ ದನಿಯಲ್ಲಿ ಕೂಗಿ ಒಳಗೆ ಹೋದಳು. ಬೇವಿನ ಸೊಪ್ಪಿನಿಂದ ಮಗುವಿಗೆ ಗಾಳಿ ಹಾಕುತ್ತಾ ದೇವಿಯನ್ನು ಹಾಡಿ ಹೊಗಳುವುದು ಕೇಳಿಸಿತು. ದನಿ ಒಂದಿಷ್ಟೂ ನಡುಗಲಿಲ್ಲ. ನಾನು ಗೋಡೆಗೆ ಒರಗಿ ಕೇಳುತ್ತಾ ನಿಂತೆ. ಆದರೂ ಅಳು ಬರಲಿಲ್ಲ ನೋಡಿ.

ಮಾರನೇ ದಿನ ಕಾಳಕ್ಕನೇ ಗೋಡೆಯ ಹತ್ತಿರ ಬಂದು ನನ್ನನ್ನು ಕರೆದಳು. ತಲೆ ಕೆದರಿತ್ತು, ಕಣ್ಣು ಕೆಂಪಗಿತ್ತು, ತುಟಿಯ ಮೇಲೆ ಅದೇ ನಗು ಇತ್ತು.

"ಶಾಂತಕ್ಕ, ಹೆಣ್ಣುಮಗಳು ಅಂತ ಇರಾಳು ನಾನೊಬ್ಬಳೆ. ನನ್ನ ಪಾಲಿನ ಅಳು ನಮ್ಮವ್ವನ ಮೇಲೆ ಬೀಳಲಿಲ್ಲ. ನಮ್ಮತ್ತಿಗೆ ಅಳಲ್ಲ, ಅತ್ತಂಗೆ ಮಾಡ್ತಾಳೆ. ನನ್ನ ಬದ್ಲು ನೀನು ಅತ್ಬಿಡೇ."

"ನಾನಾ! ಊರಾಗೆ ನಿಂಗೆ ಬೇರೆ ಯಾರೂ ಸಿಗ್ಲಿಲ್ವಾ?"

"ಗೋಡೆ ಪಕ್ಕ ಇರಾಳು ನೀನೊಬ್ಬಳೆ."

"ನಿಮ್ಮವ್ವನ್ನ ನಾನು ಸರಿಯಾಗಿ ನೋಡೇ ಇಲ್ವಲ್ಲೇ."

"ನಾನು ಹೇಳ್ಕೊಡ್ತೀನಿ."

ನಮ್ಮ ಕಡೆ ಸತ್ತವರಿಗೆ ಸುಮ್ಮನೆ ಕಣ್ಣೀರು ಸುರಿಸಿದರೆ ಆಗುವುದಿಲ್ಲ. ಹೇಳಿಕೊಂಡು ಅಳಬೇಕು. ಅವರು ಏನು ಉಣ್ಣುತ್ತಿದ್ದರು, ಯಾರನ್ನು ಹೇಗೆ ಬೈಯುತ್ತಿದ್ದರು, ಹೇಗೆ ನಡೆಯುತ್ತಿದ್ದರು ಎಲ್ಲವೂ ರಾಗವಾಗಿ ಬರಬೇಕು. ಮಗಳು ಹಾಗೆ ಅಳದಿದ್ದರೆ ಸತ್ತವರು ಹಿಂದೆ ತಿರುಗಿ ನೋಡುತ್ತಲೇ ಹೋಗುತ್ತಾರೆ ಎನ್ನುತ್ತಾರೆ.

ಅಷ್ಟರಲ್ಲಿ ಮಜ್ಜಿಗೆ ಚೊಂಬು ಹಿಡಿದು ಹುಲಿಗೆಮ್ಮ ಹಿತ್ತಿಲಿಗೆ ಬಂದಳು. ನಮ್ಮ ಗುಟ್ಟು ರಟ್ಟಾಯಿತು, ಇನ್ನು ಬೈಗುಳ ಗ್ಯಾರಂಟಿ ಅಂದುಕೊಂಡೆ. ಅವಳು ಸೊಸೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಗೋಡೆಯನ್ನೂ ನೋಡಿದಳು.

"ಗೋಡೆ ಆ ಕಡೆ ಆಗಾದು ಅಮ್ಮನ ಲೆಕ್ಕಕ್ಕೆ ಬರಲ್ಲ," ಎಂದಳು. "ಆದ್ರೆ ಲೇ ಶಾಂತಿ, ಯಾರಿಗೋಸ್ಕರ ಅಳ್ತಿದೀಯ ಅಂತ ಒಬ್ರ ಹತ್ರನೂ ಬಾಯಿ ಬಿಡಬ್ಯಾಡ. ಇದು ಈ ಮನೆ ಅಳು ಅಂತ ಅಮ್ಮಂಗೆ ಗೊತ್ತಾದ್ರೆ ಮಗೀನ ಕಣ್ಣು ಐತೆ ನೋಡು."

ಬೇವಿನ ಸೊಪ್ಪು ಮುಟ್ಟಿಸಿ ನನ್ನಿಂದ ಆಣೆ ಹಾಕಿಸಿಕೊಂಡಳು. ದುರ್ಗದ ವಕೀಲರಿಗೂ ಇಂಥ ಕಾನೂನು ಹೊಳೆಯುತ್ತಿರಲಿಲ್ಲ.

ನಾನು ಒಂದು ಈರುಳ್ಳಿ ಹೆಚ್ಚಿ ಸೆರಗಿನಲ್ಲಿ ಕಟ್ಟಿಕೊಂಡು, ನಮ್ಮ ಹಿತ್ತಿಲ ಹುಲ್ಲಿನ ಬಣವೆಗೆ ಒರಗಿ ಕೂತೆ. ಗೋಡೆಯ ಆ ಕಡೆ ಕಾಳಕ್ಕ ಪಾತ್ರೆ ತೊಳೆಯುವವಳ ಹಾಗೆ ಕುಕ್ಕರುಗಾಲಲ್ಲಿ ಕೂತಳು.

"ಅಯ್ಯೋ ನನ್ನವ್ವಾ, ಬೆಳ್ಳನ ರೊಟ್ಟಿ ಬಡೀತಿದ್ದಲ್ಲವ್ವಾ..."

"ರೊಟ್ಟಿ ಅಲ್ಲ, ಮುದ್ದೆ," ಎಂದು ಆ ಕಡೆಯಿಂದ ಪಿಸುದನಿ ಬಂತು.

"ಗುಂಡನ ಮುದ್ದೆ ಕಟ್ತಿದ್ದಲ್ಲವ್ವಾ..."

"ಗುಂಡಗೆಲ್ಲಿ ಇರ್ತಿತ್ತು? ಒಂದು ಕಡೆ ಚಪ್ಪಟೆ."

"ಚಪ್ಪಟೆ ಮುದ್ದೆ ಅಂತ ಯಾರಾದ್ರೂ ಅಳ್ತಾರೇನೇ?"

"ನಮ್ಮವ್ವಂದು ಚಪ್ಪಟೇನೇ."

ಸರಿ, ಚಪ್ಪಟೆ ಮುದ್ದೆ ಎಂದೇ ಅತ್ತೆ. ಎಡಗಾಲು ಕುಂಟುತ್ತಾ ಬಾಣಂತನಕ್ಕೆ ಬಂದಳಲ್ಲ ಎಂದು ಅತ್ತೆ. ನಶ್ಯ ಹಾಕಿ ಸೀನುವಾಗ ಕೋಳಿಗಳೆಲ್ಲ ಹೆದರಿ ಓಡುತ್ತಿದ್ದವಲ್ಲ ಎಂದು ಅತ್ತೆ. ಮೊಮ್ಮಗಳಿಗೆಂದು ಬೆಲ್ಲದುಂಡೆಯನ್ನು ಸೊಸೆಗೆ ಕಾಣದ ಹಾಗೆ ರಾಗಿ ಚೀಲದಲ್ಲಿ ಬಚ್ಚಿಟ್ಟು ಆಮೇಲೆ ಎಲ್ಲಿಟ್ಟೆ ಎಂದು ಮರೆತು ಊರೆಲ್ಲ ಹುಡುಕಿಸಿದ್ದಳಲ್ಲ ಎಂದೂ ಅತ್ತೆ. ಕೋಳಿಯ ಮಾತು ಬಂದಾಗ ಕಾಳಕ್ಕನ ಪಿಸುದನಿ ತಟ್ಟನೆ ನಿಂತಿತು. ಅಳುತ್ತಾಳೆ ಎಂದು ನಾನು ಹೆದರಿ ಎದ್ದು ನೋಡಿದರೆ ನಗುತ್ತಿದ್ದಳು. ಬಾಯಿಗೆ ಸೆರಗು ತುರುಕಿಕೊಂಡು, ಮೈಯೆಲ್ಲ ಕುಲುಕಿಸಿಕೊಂಡು ನಗುತ್ತಿದ್ದಳು. ನಗುವುದಕ್ಕೆ ಅಮ್ಮನ ಅಡ್ಡಿಯಿಲ್ಲವಲ್ಲ. ಆದರೆ ಆ ನಗು ನೋಡುವುದು ನನ್ನಿಂದ ಆಗಲಿಲ್ಲ, ಮತ್ತೆ ಬಣವೆಗೆ ಹೋಗಿ ಕೂತೆ.

ಗೋಡೆಯ ಮೇಲೆ ಹುಲಿಗೆಮ್ಮನ ತಲೆ ಮೂಡಿತು.

"ಮದುವೇಲಿ ನಂಗೆ ಕೊಟ್ಟ ಸೀರೆ ಮೊದಲ್ನೇ ಒಗೆತಕ್ಕೇ ಬಣ್ಣ ಬಿಡ್ತು. ಅದನ್ನೂ ಸೇರಿಸಿ ಅಳು."

"ಅತ್ತೆ, ಇದು ಕಾಳಕ್ಕನ ಪಾಲಿನ ಅಳು."

"ನಾನೂ ಬೀಗಿತ್ತಿ ಕಣೇ. ನಂಗೂ ಒಂದು ಪಾಲು ಬ್ಯಾಡ್ವಾ?" ಎಂದಳು. ಆಮೇಲೆ, "ನಾನು ಸೀರೆ ವಿಷ್ಯ ಎಷ್ಟು ಸಲ ಎತ್ತಾಡಿದ್ರೂ ಆಯಮ್ಮ ಒಂದು ದಿನ ತಿರುಗಿ ಮಾತಾಡ್ಲಿಲ್ಲ," ಎಂದು ಬೇಗಬೇಗ ಒಳಗೆ ಹೋದಳು. ಸೀರೆಯನ್ನೂ ಸೇರಿಸಿದೆ.

ಹೀಗೆ ದಿನಾ ನಡೆಯಿತು. ಈರುಳ್ಳಿ ಖರ್ಚಾಯಿತು. ನಾನು ಅಳುವುದರಲ್ಲಿ ಒಂದು ಹದಕ್ಕೆ ಬಂದೆ. ಆದರೆ ನಮ್ಮ ಹಿತ್ತಿಲ ಬೇಲಿಯ ಆಚೆ ಓಣಿ ಇದೆ, ಓಣಿಯಲ್ಲಿ ಜನ ಓಡಾಡುತ್ತಾರೆ, ಅವರಿಗೆ ಕಿವಿ ಇರುತ್ತದೆ. ಇದು ನಮ್ಮ ಮೂರೂ ಜನರ ತಲೆಗೆ ಹೊಳೆದಿರಲಿಲ್ಲ.

ಮೊದಲು ಬಂದವಳು ಎದುರು ಮನೆಯ ಬೋರಕ್ಕ. ಸೂತಕದ ಮನೆಯಲ್ಲಿ ಒಲೆ ಹಚ್ಚಬಾರದಲ್ಲ, ಅದಕ್ಕೆ ಅನ್ನ, ಅವರೆಕಾಳು ಸಾರು ಹೊತ್ತು ತಂದಿದ್ದಳು. ಬಂದವಳೇ ನನ್ನ ಕೊರಳು ತಬ್ಬಿಕೊಂಡಳು.

"ಎಂಥಾ ಅವ್ವನೇ ನಿಮ್ಮವ್ವ! ಒಂದ್ ಮಾತೂ ಹೇಳ್ದೆ ಒಬ್ಳೇ ಹಿತ್ಲಾಗೆ ಕುಂತು ಅಳ್ತಿದೀಯಲ್ಲೇ ಶಾಂತಿ. ನಿನ್ನ ಕಲ್ಲು ಅಂತಿದ್ವಲ್ಲೇ ನಾವು!"

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಇಲ್ಲ ಎಂದರೆ ಮತ್ತೆ ಯಾರಿಗೆ ಅತ್ತೆ ಎಂದು ಕೇಳುತ್ತಾಳೆ. ಹೇಳಿದರೆ ನಿಂಗಿಯ ಕಣ್ಣು. ತೆರೆದ ಬಾಯಿಗೆ ಬೋರಕ್ಕ ತುತ್ತು ಇಟ್ಟಳು. ಸಾರು ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ಎರಡು ಸಲ ಬಡಿಸಿಕೊಂಡು ಉಂಡೆ.

ಮಾರನೇ ದಿನ ಬೇರೆ ಮನೆಯ ಊಟ. ದುರ್ಗಕ್ಕೆ ಹಾಲು ಹಾಕುವ ಕಾಟಯ್ಯ ಸೈಕಲ್ ನಿಲ್ಲಿಸಿ, ಟೋಪಿ ತೆಗೆದು ನನಗೆ ಕೈ ಮುಗಿದು ಹೋದ. ಅವನು ದುರ್ಗದಲ್ಲಿ ನನ್ನ ಗಂಡನಿಗೂ ಹೇಳಿದನಂತೆ. ಆ ಸಂಜೆ ಮೂರ್ತಪ್ಪ ಮುಖ ಸಪ್ಪಗೆ ಮಾಡಿಕೊಂಡು, ಕೈಯಲ್ಲಿ ಚೆಂಡುಹೂವಿನ ಹಾರ ಹಿಡಿದುಕೊಂಡು ಬಂದ. ನಮ್ಮವ್ವನ ಮೇಲೆ ಅವನಿಗೆ ಹಾರದಷ್ಟು ಪ್ರೀತಿ ಇತ್ತೆಂದು ನನಗೆ ಗೊತ್ತಾದದ್ದು ಅವತ್ತೇ.

"ನಮ್ಮವ್ವಂಗೆ ಏನೂ ಆಗಿಲ್ಲ, ಸುಮ್ನಿರು. ಜಾಸ್ತಿ ಕೇಳ್ಬ್ಯಾಡ," ಎಂದೆ.

"ಆತ್ಮಕ್ಕೆ ಏನೂ ಆಗಲ್ಲ ಬಿಡು," ಎಂದು ಅವನು ತಲೆಯಾಡಿಸಿ, ಹಾರವನ್ನು ಕನ್ನಡಿಯ ಮೊಳೆಗೆ ತಗುಲಿಹಾಕಿದ.

ಕಾಟಯ್ಯ ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಹೊಳಲ್ಕೆರೆ ಬಸ್ಸಿನ ಕಂಡಕ್ಟರಿಗೆ ಹೇಳಿದ. ಕಂಡಕ್ಟರು ಹೊಳಲ್ಕೆರೆಯಲ್ಲಿ ಇಳಿದವರಿಗೆಲ್ಲ ಹೇಳಿದ. ನಮ್ಮ ತವರಿನಲ್ಲಿ ನಮ್ಮಣ್ಣ ಜಂಪಣ್ಣನನ್ನು ಮಾತಾಡಿಸಲು ನಾಲ್ಕಾರು ಜನ ಮನೆಗೆ ಬಂದರು. ಜಗಲಿಯ ಮೇಲೆ ಮೊರದಲ್ಲಿ ಹುರುಳಿ ಆರಿಸುತ್ತಾ ಕೂತಿದ್ದ ಹೆಂಗಸನ್ನು ದಾಟಿಕೊಂಡೇ ಒಳಗೆ ಹೋಗಿ, "ನಿಮ್ಮವ್ವ ಯಾವಾಗ ಹೋದ್ರಪ್ಪ?" ಎಂದು ಕೇಳಿದರು. ಆ ಹೆಂಗಸು ನಮ್ಮವ್ವ. ಮೊರ ಬಿಸಾಕಿ, ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು, ಸಿಕ್ಕ ಬಸ್ಸು ಹತ್ತಿದಳು.

ಅವಳು ನಮ್ಮ ಹೊಸಿಲು ದಾಟುವಾಗ ಒಳಗೆ ಐದಾರು ಹೆಂಗಸರು ನನ್ನ ಸುತ್ತ ಕೂತು ಅಳುತ್ತಿದ್ದರು. ಬೋರಕ್ಕ ಮೊದಲು ನೋಡಿದಳು. ಅವಳ ಕೈಲಿದ್ದ ಸಾರಿನ ಪಾತ್ರೆ ನೆಲಕ್ಕೆ ಬಿತ್ತು, ಅವಳು ಗೋಡೆಗೆ ಅಂಟಿಕೊಂಡಳು. ಉಳಿದವರ ರಾಗ ನಡುವೆಯೇ ನಿಂತಿತು.

"ಯಾರೇ ಸತ್ತಿದ್ದು?" ಎಂದಳು ನಮ್ಮವ್ವ.

ಅವಳು ನನ್ನನ್ನು ನೋಡಿದಳು, ಮೂಲೆಯಲ್ಲಿ ನಿಂತಿದ್ದ ಅಳಿಯನನ್ನು ನೋಡಿದಳು, ಕನ್ನಡಿಯ ಮೊಳೆಯಲ್ಲಿದ್ದ ಹಾರ ನೋಡಿದಳು.

"ನೀವೆಲ್ಲ ಇದೀರ. ಹಂಗಾದ್ರೆ ನಾನೇ ಏನು?" ಎಂದಳು. "ಚೆಂಡುಹೂವು ಯಾಕ್ ತಂದ್ರಿ ಅಳಿಯಂದ್ರೆ? ಮಲ್ಲಿಗೆ ಸಿಗ್ಲಿಲ್ವಾ?"

ಹೆಂಗಸರು ಒಬ್ಬೊಬ್ಬರೇ ಜಾರಿಕೊಂಡರು. ಬೋರಕ್ಕ ಹೋಗುವಾಗ ಅವ್ವನ ಕೈ ಚಿವುಟಿ ನೋಡಿ ಹೋದಳು. ನಾನು ಬೈಗುಳಕ್ಕೆ ತಲೆ ಒಡ್ಡಿ ಕೂತೆ. ಅವ್ವ ಬೈಯಲಿಲ್ಲ. ನನ್ನ ಪಕ್ಕಕ್ಕೆ ಸರಿದು ಕೂತು, ಎಲೆಗೆ ಸುಣ್ಣ ಹಚ್ಚುತ್ತಾ, ಮುಖ ಬೇರೆ ಕಡೆ ತಿರುಗಿಸಿಕೊಂಡು ಕೇಳಿದಳು.

"ನೀನು ಅತ್ತ್ಯಂತೆ."

"ಹ್ಞೂಂ."

"ಭಾಳ ಅತ್ತ್ಯಂತೆ. ಕಂಡಕ್ಟ್ರು ಹೇಳ್ದ. ಏನಂತ ಅತ್ತೆ, ಹೇಳು, ಕೇಳಾಣ."

ಸತ್ತಿದ್ದೇನೆ ಎಂಬ ಸಿಟ್ಟು ಹೊಳಲ್ಕೆರೆಯಲ್ಲೇ ಇಳಿದುಹೋಗಿತ್ತು. ಮಗಳು ಕಡೆಗೂ ಅತ್ತಳಂತೆ ಎಂಬ ಖುಷಿಗೆ ಅವಳು ಅಷ್ಟು ದೂರ ಬಂದಿದ್ದಳು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

"ಕುಂಟ್ಕೊಂಡು ಬರ್ತಿದ್ದೆ ಅಂತ ಅತ್ತೆ."

"ನಾನ್ಯಾವಾಗ್ಲೇ ಕುಂಟಿದ್ದೆ?"

"ನಶ್ಯ ಹಾಕ್ತಿದ್ದೆ ಅಂತ."

"ಥೂ! ನಾನು ಎಲೆ ಅಡಿಕೆ ಹಾಕಾಳು." ಅವಳ ಕೈ ನಿಂತಿತು. ಸುಣ್ಣ ಹಚ್ಚಿದ ಎಲೆಯನ್ನು ಹಾಗೇ ತೊಡೆಯ ಮೇಲೆ ಇಟ್ಟುಕೊಂಡು, "ಹಂಗಾದ್ರೆ ನಂಗೋಸ್ಕರ ಅಲ್ಲ," ಎಂದಳು.

ನಾನು ಆಣೆಗೆ ಕಟ್ಟುಬಿದ್ದು ಮಾತಾಡಲಿಲ್ಲ. ಅವಳು ಎದ್ದು ಹಿತ್ತಿಲಿಗೆ ಹೋದಳು. ಗೋಡೆಯ ಆ ಕಡೆ ಬೇವಿನ ಸೊಪ್ಪಿನ ರಾಶಿಯ ನಡುವೆ ಕಾಳಕ್ಕ ಕೆದರಿದ ತಲೆಯಲ್ಲಿ ನಗುತ್ತಾ ನಿಂತಿದ್ದಳು. ಅವ್ವ ಬಹಳ ಹೊತ್ತು ಅವಳನ್ನೇ ನೋಡಿದಳು. ನನ್ನ ಅಕ್ಕನೊಬ್ಬಳಿದ್ದಳಂತೆ, ನಾನು ಹುಟ್ಟುವ ಮೊದಲೇ ಅಮ್ಮ ಬಂದು ತೀರಿಕೊಂಡವಳು. ಅಂಥ ಮನೆಯಲ್ಲಿ ನಗುವುದು ಹೇಗಿರುತ್ತದೆಂದು ಅವ್ವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಳಗೆ ಬಂದು, "ಅವಳ ಅವ್ವಂಗೆ ಕಾಲು ಕುಂಟೇನೇ?" ಎಂದಳು.

ನಾನು ನೆಲಕ್ಕೆ ಚೆಲ್ಲಿದ್ದ ಸಾರು ಒರೆಸತೊಡಗಿದೆ.

"ಸರಿ ಬಿಡು. ನಾನು ಒಂದೆರಡು ದಿನ ಇದ್ದು ಹೋಗ್ತೀನಿ. ಊರಾಗಂತೂ ನಾನು ಸತ್ತು ಆಗೈತೆ, ಅವಸರ ಏನಿಲ್ಲ."

ಅವಳಿದ್ದಾಗಲೇ ನಿಂಗಿಯ ಮೈಮೇಲೆ ಅಮ್ಮನ ಗುಳ್ಳೆಗಳು ಒಣಗಿದವು. ಹುಲಿಗೆಮ್ಮ ಬೇವು, ಅರಿಸಿನ ಹಾಕಿ ಬಿಸಿಲಿನಲ್ಲಿ ಕಾಯಿಸಿದ ನೀರಿನಿಂದ ಹಿತ್ತಿಲಲ್ಲಿ ಮಗುವಿಗೆ ಮೀಯಿಸಿದಳು. ರೆಪ್ಪೆಯನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸುವಾಗ ಕಾಳಕ್ಕ ಆ ಕಡೆಯಿಂದ, ನಾನೂ ಅವ್ವನೂ ಈ ಕಡೆಯಿಂದ ಗೋಡೆಗೆ ಕೈ ಕೊಟ್ಟು ನಿಂತಿದ್ದೆವು. ನಿಂಗಿ ಒಂದು ಕಣ್ಣು ತೆರೆದಳು, ಇನ್ನೊಂದು ತೆರೆದಳು. ನಮ್ಮವ್ವನನ್ನು ದಿಟ್ಟಿಸಿದಳು.

"ಆ ಅಜ್ಜಿ ಬಾಯಿ ಯಾಕೆ ಅಷ್ಟು ಕೆಂಪಗೈತೆ?"

ಹುಲಿಗೆಮ್ಮ ಚೊಂಬು ಬದಿಗಿಟ್ಟಳು. ಮಗುವನ್ನು ಎದೆಗೆ ಅವುಚಿಕೊಂಡು ಕಣ್ಣುಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡಿದಳು. ಮಧ್ಯಾಹ್ನ ಊರ ಗಡಿಗೆ ಮೊಸರನ್ನ ಇಟ್ಟು ಅಮ್ಮನನ್ನು ಕಳಿಸಿಕೊಟ್ಟು ಬಂದದ್ದಾಯಿತು. ಬಾಗಿಲ ಬೇವು ಬಿಚ್ಚಿದ್ದಾಯಿತು. ಹುಲಿಗೆಮ್ಮ ಸೊಸೆಯ ಬೆನ್ನ ಮೇಲೆ ಕೈಯಿಟ್ಟು, "ಇನ್ನು ಅಳವ್ವ. ನಿಮ್ಮವ್ವಂಗೆ ಎಷ್ಟು ಬೇಕೋ ಅಷ್ಟು ಅಳು," ಎಂದಳು.

ಆಗ ನಾನೂ ಅವ್ವನೂ ಆ ಹೊಸಿಲು ದಾಟಿ ಒಳಗೆ ಹೋದೆವು. ಕಾಳಕ್ಕ ಅಂಗಳದ ನಡುವೆ ನಿಂತಿದ್ದಳು. ನನ್ನ ಕೊರಳು ತಬ್ಬಿಕೊಂಡಳು. "ಅವ್ವಾ" ಎಂದು ಬಾಯಿ ತೆರೆದಳು. ಬಂದದ್ದು ನಗು. ಮತ್ತೊಮ್ಮೆ ತೆರೆದಳು, ಮತ್ತೂ ನಗುವೇ. ಅಷ್ಟು ದಿನ ಹಿಡಿದಿಟ್ಟ ಮುಖ ಅದು, ಬಿಡು ಎಂದರೆ ಬಿಡಲಿಲ್ಲ. ಅವಳು ಎರಡೂ ಕೈಯಿಂದ ತನ್ನ ಬಾಯಿಯನ್ನು ಎಳೆದು ಕೆಳಗೆ ಮಾಡಲು ನೋಡಿದಳು.

"ನಂಗೆ ಬರ್ತಿಲ್ಲ ಕಣೇ ಶಾಂತಕ್ಕ. ನಮ್ಮವ್ವ ಸತ್ತವಳೆ, ನಂಗೆ ಅಳು ಬರ್ತಿಲ್ಲ. ನಾನೆಂಥ ಮಗಳೇ?"

ಈರುಳ್ಳಿ ತರಲೇ ಎಂದು ಕೇಳಿದೆ. ಅದಕ್ಕಿಂತ ಬೇರೆ ನನಗೇನು ಗೊತ್ತು? ನಮ್ಮವ್ವ ನನ್ನ ತಲೆಗೆ ಒಂದು ಮೊಟಕಿದಳು. ಆಮೇಲೆ ನನ್ನನ್ನು ನಮ್ಮ ಮನೆಗೆ ಓಡಿಸಿ, ಮೊಳೆಯಲ್ಲಿ ಒಣಗಿ ತರಗೆಲೆಯಾಗಿದ್ದ ಆ ಚೆಂಡುಹೂವಿನ ಹಾರ ತರಿಸಿದಳು. ಅದನ್ನು ತಾನೇ ಕೊರಳಿಗೆ ಹಾಕಿಕೊಂಡು, ಕಾಳಕ್ಕನ ಪಡಸಾಲೆಯ ಗೋಡೆಗೆ ಒರಗಿ, ಕಾಲು ಮಡಿಸಿ ಕೂತಳು. ನಮ್ಮಲ್ಲಿ ಸತ್ತವರನ್ನು ಹಾಗೇ ಗೋಡೆಗೆ ಒರಗಿಸಿ ಕೂರಿಸುತ್ತೇವೆ.

"ಅವ್ವಾ! ಏನೇ ಇದು ನಿಂದು?" ಎಂದೆ.

"ಸತ್ತ ಹೆಸ್ರು ಹೆಂಗೂ ಬಂದೈತೆ. ಅದು ಯಾರಿಗಾದ್ರೂ ಉಪಯೋಗ ಆಗ್ಲಿ," ಎಂದು ಕಣ್ಣು ಮುಚ್ಚಿಕೊಂಡಳು. "ಬಾರೇ ತಾಯಿ ಕಾಳಕ್ಕ. ನಿಮ್ಮವ್ವಂಗೆ ಏನು ಮಾಡಕ್ಕಾಗ್ಲಿಲ್ಲ ಅಂತ ನಿನ್ನ ಹೊಟ್ಟೆ ಉರೀತೈತೋ ಅದನ್ನ ಮಾಡು. ಬಿಗಿಯಾಗಿ ಮಾತ್ರ ಹಿಡ್ಕಬ್ಯಾಡ, ನಂಗೆ ಉಬ್ಬಸ ಐತೆ."

ಹುಲಿಗೆಮ್ಮ "ಶಿವನೇ" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಕಾಳಕ್ಕ ಒಳಗೆ ಹೋಗಿ ಹಿತ್ತಾಳೆ ಚೊಂಬಿನಲ್ಲಿ ನೀರು ತಂದಳು. ಅವ್ವನ ಮುಂದೆ ಮೊಣಕಾಲೂರಿ ಕೂತು, ಅಂಗೈಯಲ್ಲಿ ನೀರು ತೆಗೆದುಕೊಂಡು ಅವಳ ತುಟಿಗೆ ಹಿಡಿದಳು. ಅರ್ಧ ನೀರು ಬೆರಳ ಸಂದಿಯಿಂದ ಹಾರದ ಮೇಲೆ ಚೆಲ್ಲಿತು. ಅವ್ವ ಬಾಯಿ ತೆರೆದು ಉಳಿದದ್ದನ್ನು ಕುಡಿದಳು. ಗಂಟಲು ಮೇಲೆ ಕೆಳಗೆ ಆಡಿದ್ದು ನಮಗೆಲ್ಲ ಕಾಣಿಸಿತು.

"ತಡ ಮಾಡ್ಬಿಟ್ಟೆ ಕಣವ್ವಾ," ಎಂದಳು ಕಾಳಕ್ಕ.

ನಮ್ಮವ್ವ ಕಣ್ಣು ಬಿಡಲಿಲ್ಲ. "ತಡ ಏನಾಗಿಲ್ಲ ಕಣವ್ವ. ಬಾಯಿ ಇನ್ನೂ ಒಣಗೇ ಇತ್ತು. ಮಗು ಕಣ್ಣು ಬಿಡ್ತಲ್ಲ, ಅದೇ ಸಾಕು. ಇನ್ನೊಂದಿಷ್ಟು ಬಿಡು."

ಕಾಳಕ್ಕ ಇನ್ನೊಂದು ಬೊಗಸೆ ಬಿಟ್ಟಳು. ಆಗ ಅವಳ ಮುಖದ ಮೇಲಿನ ಆ ನಗು ಮೊದಲು ಒಂದು ಮಗ್ಗುಲಲ್ಲಿ ಮುರಿಯಿತು, ಆಮೇಲೆ ಪೂರ್ತಿ ಹೋಯಿತು. ನಮ್ಮವ್ವನ ತೊಡೆಯ ಮೇಲೆ ತಲೆಯಿಟ್ಟು ಅವಳು ತೆಗೆದ ದನಿ ಓಣಿಯ ತುದಿಗೂ ಕೇಳಿಸಿತಂತೆ. ಮೊದಲು ಬಂದ ಮಾತೇ ಚಪ್ಪಟೆ ಮುದ್ದೆ. ಆ ಚಪ್ಪಟೆ ಮುದ್ದೆಯನ್ನು ಹೇಳಿಕೊಂಡು ನಾನು ಎಷ್ಟು ದಿನ ಅತ್ತಿದ್ದೆ, ಅವಳ ಬಾಯಲ್ಲಿ ಬಂದಾಗಲೇ ಅದು ಒಬ್ಬ ತಾಯಿಯ ಕೈ ಎಂದು ನನಗೆ ತಿಳಿದದ್ದು. ಹುಲಿಗೆಮ್ಮನೂ ಪಕ್ಕದಲ್ಲಿ ಕೂತು ಸೊಸೆಯ ಕೊರಳು ಹಿಡಿದುಕೊಂಡು ಅತ್ತಳು. ಈ ಸಲ ಸೀರೆಯ ಮಾತು ಎತ್ತಲಿಲ್ಲ.

ನಾನು ನಿಂತು ನೋಡುತ್ತಿದ್ದೆ. ಗೋಡೆಗೆ ಒರಗಿದ ತಲೆ, ಮುಚ್ಚಿದ ಕಣ್ಣು, ಕೊರಳಲ್ಲಿ ಒಣಗಿದ ಹಾರ, ಸುಕ್ಕುಗಟ್ಟಿದ ಗಲ್ಲದಿಂದ ಇಳಿಯುತ್ತಿದ್ದ ನೀರು. ಇವಳು ನನ್ನ ಅವ್ವ. ಒಂದು ದಿನ ಇವಳು ಹೀಗೇ ಕೂರುತ್ತಾಳೆ, ಆಗ ನೀರು ಕೊಟ್ಟರೆ ನುಂಗುವುದಿಲ್ಲ. ಅಷ್ಟು ಯೋಚನೆ ಬಂದದ್ದೇ ತಡ, ನನ್ನ ಕಣ್ಣಿಂದ ನೀರು ಇಳಿಯಿತು. ನನ್ನ ಸೆರಗಿನಲ್ಲಿ ಈರುಳ್ಳಿ ಇರಲಿಲ್ಲ.

ಅವ್ವ ಒಂದು ಕಣ್ಣು ತೆರೆದಳು.

"ಲೇ ಶಾಂತಿ. ನೀನ್ಯಾಕೇ? ನಾನಿನ್ನೂ ಇದೀನಿ."

"ಗೊತ್ತು ಸುಮ್ನಿರೇ," ಎಂದು ಅವಳ ಪಕ್ಕದಲ್ಲಿ ಕುಸಿದೆ.

"ಅಳಾದಾದ್ರೆ ಹೇಳ್ಕೊಂಡು ಅಳು. ಕಾಲು ಕುಂಟು ಅಂದ್ರೆ ನೋಡು."

"ಅವತ್ತು ಬಸ್ಸಿನಾಗೆ ಕಿಟಕಿ ಪಕ್ಕದ ಸೀಟು ಕೇಳಿದ್ನಲ್ಲವ್ವಾ," ಎಂದೆ. ರಾಗ ತಾನಾಗಿ ಬಂತು, ನಾನು ಹುಡುಕಲಿಲ್ಲ. "ಗಾಳಿಗೆ ಅಂದ್ಕೊಂಡ್ರಲ್ಲವ್ವಾ ಎಲ್ರೂ. ಬಸ್ಸು ತಿರುಗಾಗಂಟ ನಿನ್ನ ಮುಖ ಕಾಣ್ತಿರ್ಲಿ ಅಂತ ಕೇಳಿದ್ನಲ್ಲವ್ವಾ. ಅತ್ರೆ ಕಣ್ಣು ಮಂಜಾಗಿ ನೀನು ಕಾಣಲ್ಲ ಅಂತ ಅಳಲಿಲ್ಲ ಕಣವ್ವಾ..."

ಅವಳು ತೆರೆದ ಕಣ್ಣನ್ನು ಮತ್ತೆ ಮುಚ್ಚಿಕೊಂಡಳು. ಕೈ ಚಾಚಿ ನನ್ನ ಸೆರಗು ಹುಡುಕಿ ಹಿಡಿದುಕೊಂಡಳು.

"ಮುಂದಕ್ಕೆ ಹೇಳು," ಎಂದಳು.